ದಿವಾನ ಹಿಡಿದ ಒಂದೇ ಒಂದು ಇಲಿ

ವಿರೂಪಾಕ್ಷಪ್ಪನಿಗೆ ಹೆಸರಿನ ಹುಚ್ಚು. ಇರಕಲ್ಲಗಡದಿಂದ ಹರದಾರಿ ದೂರದ ಒಂದು ಸಣ್ಣ ಹಳ್ಳಿಯಲ್ಲಿ ಕಾಳಿನ ವ್ಯಾಪಾರ, ಎರೆಹೊಲದ ಬೇಸಾಯ ಮಾಡಿಕೊಂಡು, ಕಲ್ಲಿನ ಮನೆ ಕಟ್ಟಿಸಿಕೊಂಡು ಉಂಡುಟ್ಟು ಸುಖವಾಗಿದ್ದ. ಅಷ್ಟಿದ್ದವನಿಗೆ ಇನ್ನೇನು ಬೇಕು? ಊರು ದಿನಕ್ಕೊಮ್ಮೆಯಾದರೂ ತನ್ನ ಹೆಸರೆತ್ತಿ ಹೊಗಳಬೇಕು, ಅದೊಂದು ಬೇಕಾಗಿತ್ತು.

ಅದು ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳ ಮಾತು. ಯುದ್ಧ ಎಲ್ಲೋ ನಡೆದಿತ್ತು, ಕಾಳು ತುಟ್ಟಿಯಾದದ್ದು ಇಲ್ಲಿ. ಅದೇ ವರ್ಷ ಊರಲ್ಲಿ ಇಲಿಗಳೂ ಮಿತಿಮೀರಿದವು. ಜನ ಬಾಯಿ ಬಡಿದುಕೊಳ್ಳುತ್ತಿದ್ದಾಗ ವಿರೂಪಾಕ್ಷಪ್ಪ ಕೊಪ್ಪಳದ ಗೆಳೆಯನೊಬ್ಬನ ಮನೆಯಿಂದ ಒಂದು ಬೆಕ್ಕು, ಒಂದು ನಾಯಿ ತಂದ. ಬೆಕ್ಕಿಗೆ ದಿವಾನ ಎಂದೂ ನಾಯಿಗೆ ಜಮಾದಾರ ಎಂದೂ ಹೆಸರಿಟ್ಟ.

ಮೊದಲ ಕೆಲವು ದಿನ ಮನೆಯಲ್ಲಿ ಇಲಿಯ ಸದ್ದಿರಲಿಲ್ಲ. ಹೊಸ ವಾಸನೆಗೆ ಅಂಜಿ ಬಿಲ ಸೇರಿದ್ದವು, ಅಷ್ಟೆ. ಒಳಗೆ ಕೂತು ಅವು ಹೊಸಬರ ಯೋಗ್ಯತೆ ಅಳೆಯುತ್ತಿವೆ ಎಂಬುದು ವಿರೂಪಾಕ್ಷಪ್ಪನಿಗೆ ಹೇಗೆ ಗೊತ್ತಾಗಬೇಕು? ಕಟ್ಟೆಯ ಮೇಲೆ ಕೂತು ಮೀಸೆ ತಿರುವಿದ.

“ನಮ್ಮ ಮನ್ಯಾಗ ಔಷಧಕ್ಕ ಹುಡುಕಿದ್ರೂ ಒಂದ ಇಲಿ ಸಿಗಂಗಿಲ್ಲ. ನಿಮ್ಮ ಬಿತ್ತೋ ಜೋಳ ತಂದು ನಮ್ಮ ಪಡಸಾಲ್ಯಾಗ ಇಡ್ರಿ. ಬಿತ್ತಗಿ ಹೊತ್ತಿಗೆ ಒಂದ ಕಾಳು ಕಡಿಮಿ ಬಂದ್ರ ಕೇಳ್ರಿ.”

ಬಾಡಿಗೆ ಕೇಳಲಿಲ್ಲ, ಕೂಲಿ ಕೇಳಲಿಲ್ಲ. ಜನ ಚೀಲ ಹೊತ್ತು ತಂದರು. ಹಳ್ಳದ ದಂಡೆಯಲ್ಲಿ ಒಂದು ತುಂಡು ಎರೆಹೊಲ ಬಿಟ್ಟರೆ ಬೇರೇನೂ ಇಲ್ಲದ ವಿಧವೆ ಹುಲಿಗವ್ವನೂ ತಂದಳು. ಪ್ರತಿ ವರ್ಷ ಅವಳು ಬೀಜಕ್ಕೆ ಬೂದಿ ಬೆರೆಸಿ, ಗಡಿಗೆಗೆ ತುಂಬಿ, ಸಗಣಿಯಿಂದ ಬಾಯಿ ಮೆತ್ತಿ ಇಡುವವಳು. ಈ ಸಲ ವಿರೂಪಾಕ್ಷಪ್ಪ ನಕ್ಕುಬಿಟ್ಟಿದ್ದ. “ಏ ಹುಲಿಗವ್ವ, ದಿವಾನ ಇರೋವಾಗ ಬೂದಿ ಯಾಕ ಬೇ?” ದೊಡ್ಡವರು ನಕ್ಕ ಮೇಲೆ ಬಡವರಿಗೆ ತಮ್ಮ ಬುದ್ಧಿಯೇ ಸಣ್ಣದಾಗಿ ಕಾಣುತ್ತದೆ. ಆ ವರ್ಷ ಬಿತ್ತಬೇಕಾದ ಅಷ್ಟೂ ಜೋಳವನ್ನು ಅವಳು ಅವನ ಪಡಸಾಲೆಯಲ್ಲಿಟ್ಟು ಕೈಮುಗಿದು ಹೋದಳು.

ಇಲಿಗಳ ಪರೀಕ್ಷೆ ಅಷ್ಟರಲ್ಲಿ ಮುಗಿದಿತ್ತು. ದಿವಾನ ಬಟ್ಟಲುಗಟ್ಟಲೆ ಹಾಲು ಕುಡಿದು ಅರ್ಧ ಉಳಿಸಿ ಮಲಗುವ ಪ್ರಾಣಿ. ಜಮಾದಾರ ರೊಟ್ಟಿ ತಿಂದು ತುಣುಕು ಚೆಲ್ಲುವ ಪ್ರಾಣಿ. ಉಳಿದ ಹಾಲು, ಚೆಲ್ಲಿದ ರೊಟ್ಟಿ ಎರಡೂ ಇಲಿಗಳ ಪಾಲಾದವು. ಇಂಥ ಊಟ ಅವಕ್ಕೆ ಹಿಂದೆ ಎಂದೂ ಸಿಕ್ಕಿರಲಿಲ್ಲ. ದಿವಾನನಿಗೆ ಅಪರೂಪಕ್ಕೆ ಕುಲಧರ್ಮ ನೆನಪಾಗಿ ಹೊಂಚು ಹಾಕಿದರೆ, ಜಮಾದಾರ ಬೆಕ್ಕನ್ನು ಕಂಡು ಬೊಗಳುತ್ತಿದ್ದ. ಬೆಕ್ಕು ಅಟ್ಟ ಹತ್ತುತ್ತಿತ್ತು, ನಾಯಿ ಕೆಳಗೆ ಕುಣಿಯುತ್ತಿತ್ತು, ಇಲಿ ನಿಧಾನವಾಗಿ ನಡೆದು ಚೀಲ ಸೇರುತ್ತಿತ್ತು.

ಹೆಂಡತಿ ಕಳಕಮ್ಮ ಒಂದು ಬೆಳಿಗ್ಗೆ ಕಸ ಗುಡಿಸುತ್ತ ಹೇಳಿದಳು. “ಏನ್ರಿ, ಚೀಲದ ಹಿಂದ ಸರಸರ ಸಪ್ಪಳಾಗಾಕತ್ತೈತಿ.”

“ಗಾಳಿ ಅದು.”

“ಗಾಳಿ ಹಿಕ್ಕಿ ಹಾಕ್ತೈತೇನ್ರಿ?” ಎಂದು ಮೊರದಲ್ಲಿದ್ದುದನ್ನು ಅವನ ಮೂಗಿನ ಮುಂದೆ ಹಿಡಿದಳು. ವಿರೂಪಾಕ್ಷಪ್ಪ ಮುಖ ತಿರುಗಿಸಿ, ಮೆಲ್ಲಗೆ ಮಾತಾಡು, ಯಾರಾದರೂ ಕೇಳಿಯಾರು ಎಂದ. ಚೀಲ ಬಿಚ್ಚಿ ನೋಡೋಣ ಎಂದು ಮಾತ್ರ ಅನ್ನಲಿಲ್ಲ.

ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ವಿರೂಪಾಕ್ಷಪ್ಪ ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತಿದ್ದ. ದಿವಾನ ಒಳಗಿನಿಂದ ಗತ್ತಿನಲ್ಲಿ ಬಂತು. ಬಾಯಲ್ಲಿ ಒಂದು ಇಲಿ! ಜಮಾದಾರ ಎಲ್ಲೋ ತಿರುಗಾಡಲು ಹೋಗಿದ್ದಾಗ ಸಾಧಿಸಿದ ಪರಾಕ್ರಮ. ಹೊಟ್ಟೆ ತುಂಬ ಹಾಲಿದ್ದುದರಿಂದ ತಿನ್ನುವ ಮನಸ್ಸಿರಲಿಲ್ಲ. ಯಜಮಾನನ ಕಾಲ ಹತ್ತಿರ ಹಾಕಿ, ಮೈ ನೆಕ್ಕುತ್ತ ಒಳಗೆ ಹೋಯಿತು. ಇಲಿಯ ಮೈಮೇಲೆ ಹೇಳಿಕೊಳ್ಳುವಂಥ ಗಾಯವೂ ಇರಲಿಲ್ಲ.

ಅದನ್ನು ಬಾಲ ಹಿಡಿದು ತಿಪ್ಪೆಗೆ ಎಸೆಯಬೇಕು ಅನ್ನುವಷ್ಟರಲ್ಲಿ ಹುಲಿಗವ್ವ ಅಂಗಳಕ್ಕೆ ಬಂದಳು. ಮಳೆ ಹೊಳವಾಗಿದೆ, ಬೀಜಕ್ಕೆ ಒಂದಿಷ್ಟು ಬಿಸಿಲು ತೋರಿಸಬೇಕೆಂದು ಬಂದವಳು. ಅವಳ ಹಿಂದೆ ಓಣಿಯ ಹಿರಿಯ ದ್ಯಾವಪ್ಪ. ಇಬ್ಬರೂ ಸತ್ತ ಇಲಿಯನ್ನು ನೋಡಿ ಇದ್ದಲ್ಲೇ ನಿಂತರು.

ಆ ಕಾಲದಲ್ಲಿ ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿತ್ತೆಂದರೆ ಊರು ಬಿಡಬೇಕು. ಪ್ಲೇಗು ಮೊದಲು ಇಲಿಯನ್ನು ಮುಗಿಸಿ ಆಮೇಲೆ ಮನುಷ್ಯರಿಗೆ ಬರುತ್ತದೆಂದು ಎಳೆಯ ಮಕ್ಕಳಿಗೂ ಗೊತ್ತಿತ್ತು. ದ್ಯಾವಪ್ಪ ತನ್ನ ತಾಯಿಯನ್ನೂ ಇಬ್ಬರು ಅಣ್ಣಂದಿರನ್ನೂ ಆ ಬೇನೆಗೆ ಕೊಟ್ಟವನು.

“ಸಾವ್ಕಾರ, ಇದು ನಿಮ್ಮ ಮನಿ ಇಲಿ ಏನು? ಬೆಕ್ಕು ಹಿಡೀತೇನು?”

ಹೌದಪ್ಪ, ಬೆಕ್ಕು ಹಿಡಿಯಿತು ಅಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮಾತು ಬಾಯಿತನಕ ಬಂದಿತ್ತು ಕೂಡ. ಆದರೆ ಬೆಕ್ಕು ಇಲಿ ಹಿಡಿಯಬೇಕಾದರೆ ಮನೆಯಲ್ಲಿ ಇಲಿ ಇರಬೇಕಲ್ಲ! ಇಲಿ ಇದ್ದರೆ ಚೀಲ ಬಿಚ್ಚಿ ತೋರಿಸಬೇಕು. ಚೀಲ ಬಿಚ್ಚಿದರೆ ಹೆಸರು ಹೋಯಿತು. ವಿರೂಪಾಕ್ಷಪ್ಪ ಗಂಟಲು ಸರಿಮಾಡಿಕೊಂಡ.

“ನಮ್ಮ ಮನ್ಯಾಗ ಇಲಿ ಎಲ್ಲಿಂದ ಬರಬೇಕು? ಎಲ್ಲೋ ಹೊರಗಿಂದ ಬಂದು ಇಲ್ಲಿ ಸತ್ತೈತಿ.”

ದ್ಯಾವಪ್ಪ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮೂಗಿಗೆ ಹಿಡಿದುಕೊಂಡು ಓಣಿಗೆ ಓಡಿದ. ಸೂರ್ಯ ಮಾರುದ್ದ ಏರುವುದರೊಳಗೆ ಊರಿಗೆ ಊರೇ ಗಂಟುಮೂಟೆ ಕಟ್ಟತೊಡಗಿತು.

ಹುಲಿಗವ್ವ ತನ್ನ ಚೀಲ ಕೇಳಲು ಮತ್ತೆ ಬಂದಳು. ದೂರದಲ್ಲಿ ನಿಂತ ದ್ಯಾವಪ್ಪ ಕೂಗಿದ. “ಬ್ಯಾಡ ಬೇ ಹುಲಿಗಿ! ಇಲಿ ಬಿದ್ದ ಮನಿ ಕಾಳು ಮುಟ್ಟಬಾರದು. ಮಗಳು ಬಸುರಿ ಅದಾಳ, ನೆನಪಿರಲಿ!”

ಅವಳು ವಿರೂಪಾಕ್ಷಪ್ಪನ ಮುಖ ನೋಡಿದಳು. ಗಂಟು ಹೊತ್ತು ಅಂಗಳಕ್ಕೆ ಇಳಿದಿದ್ದ ಕಳಕಮ್ಮನೂ ನೋಡಿದಳು. ಆಗಲಾದರೂ ಒಂದು ಮಾತು ಆಡಬಹುದಿತ್ತು. ಈ ಗೃಹಸ್ಥ ಏನು ಮಾಡಿದ? ಬಾಗಿಲಿಗೆ ಬೀಗ ಹಾಕಿ, “ಚಿಂತಿ ಮಾಡಬ್ಯಾಡ, ನಿನ್ನ ಬೀಜ ಭದ್ರ ಐತಿ” ಎಂದ. ಅಂಥ ನಾಲಗೆಗೆ ಏನು ಹೇಳೋಣ!

ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಎದ್ದವು. ಕೊಪ್ಪಳದಿಂದ ದವಾಖಾನೆಯವರು ಬಂದು ಎಲ್ಲರಿಗೂ ಸೂಜಿ ಚುಚ್ಚಿದರು. ತೋಳು ಬಾತು ಜ್ವರ ಬಂದು ಊರೆಲ್ಲ ನರಳಿತು. ವಿರೂಪಾಕ್ಷಪ್ಪನೂ ಚುಚ್ಚಿಸಿಕೊಂಡು ನರಳಿದ. ಬೇನೆ ಇಲ್ಲವೆಂದು ಊರಲ್ಲೆಲ್ಲ ಅವನೊಬ್ಬನಿಗೇ ಗೊತ್ತಿತ್ತು. ಒಂದು ಮಳೆಯ ದಿನ ಹುಲಿಗವ್ವನ ಮಗಳು ಸೋರುವ ಗುಡಿಸಲಲ್ಲಿ ಹಡೆದಳು. ತಾಯಿ, ಮಗು ಉಳಿದದ್ದು ದೇವರ ದಯೆ. ಅಂದು ವಿರೂಪಾಕ್ಷಪ್ಪನಿಗೆ ರೊಟ್ಟಿ ಇಳಿಯಲಿಲ್ಲ. ಮರುದಿನ ಇಳಿಯಿತು.

ದಿವಾನ, ಜಮಾದಾರ ಇಬ್ಬರೂ ಗುಡಿಸಲಿಗೆ ಬಂದಿದ್ದರು. ಹಾಲು, ರೊಟ್ಟಿ ಇದ್ದಲ್ಲಿ ತಾನೇ ಅವರ ನಿಷ್ಠೆ? ಕಲ್ಲಿನ ಮನೆ ಇಲಿಗಳ ಸ್ವಾಧೀನದಲ್ಲಿತ್ತು.

ಉತ್ತರಿ ಮಳೆ ಚೆನ್ನಾಗಿ ಹಿಡಿಯಿತು. ಯಾರೂ ಸಾಯಲಿಲ್ಲ, ಯಾರಿಗೂ ಪ್ಲೇಗಿನ ಗಂಟು ಏಳಲಿಲ್ಲ. ಹಿಂಗಾರಿ ಬಿತ್ತನೆಯ ಹದ ಬಂದದ್ದೇ ತಡ, ಜನ ಮನೆಗಳಿಗೆ ಮರಳಿ ನೆಟ್ಟಗೆ ವಿರೂಪಾಕ್ಷಪ್ಪನ ಅಂಗಳಕ್ಕೆ ಬಂದರು. ಅವನು ಬೀಗ ತೆಗೆದ. ಬಾಗಿಲು ತಳ್ಳಿದೊಡನೆ ಪಡಸಾಲೆಯೇ ಎದ್ದು ಓಡಿದಂತಾಯಿತು. ಚೀಲದ ಒಳಗಿಂದ, ಮೇಲಿಂದ, ಸಂದಿಯಿಂದ ಇಲಿಗಳು. ಜಮಾದಾರ ಬೊಗಳಿದ. ದಿವಾನ ಹೆದರಿ ಕಳಕಮ್ಮನ ಸೀರೆಯ ಹಿಂದೆ ಸೇರಿತು.

ಹುಲಿಗವ್ವ ತನ್ನ ಚೀಲ ಎತ್ತಿದಳು. ಅದು ಒಂದೇ ಕೈಗೆ ಬಂತು. ಕೊಡವಿದರೆ ಹೊಟ್ಟು, ಹಿಕ್ಕೆ ಬಿತ್ತು.

ದ್ಯಾವಪ್ಪ ಮೂಗಿಗೆ ವಸ್ತ್ರ ಹಿಡಿಯುವುದನ್ನೂ ಮರೆತು ಓಡುವ ಇಲಿಗಳನ್ನು ನೋಡುತ್ತಿದ್ದ. “ಪಿಲೇಗಿನ ಮನ್ಯಾಗ ಇಲಿ ಬದುಕಂಗಿಲ್ಲ. ಇವು ನೋಡಿದ್ರ ಮೊಲ ಆದಂಗ ಆಗ್ಯಾವ.”

ಎಲ್ಲರೂ ವಿರೂಪಾಕ್ಷಪ್ಪನ ಕಡೆ ತಿರುಗಿದರು. ಅವನಿಗೆ ಮೈ ಬೆವರಿತು. ಆ ಬೆವರಿನಲ್ಲೂ ಹೆಸರಿನ ಆಸೆ ಬಿಡಲಿಲ್ಲ ನೋಡಿ. “ಅವತ್ತಿನ ಇಲಿ ನಮ್ಮ ದಿವಾನ ಹೊಡೆದಿದ್ದಪಾ! ಎಷ್ಟ ಛಲೋ ಹೊಡೆದಿತ್ತು, ಒಂದ ಗಾಯ ಇರಲಿಲ್ಲ!”

“ನಿಮಗ ಗೊತ್ತಿತ್ತು?” ಎಂದಳು ಹುಲಿಗವ್ವ. ದನಿ ಏರಲಿಲ್ಲ. “ನನ್ನ ಮಗಳು ಮಳ್ಯಾಗ ಹಡೆಯೋವಾಗ ನಿಮಗ ಗೊತ್ತಿತ್ತೇನ್ರಿ, ಸಾವ್ಕಾರ್ರ?”

ನಾಚಿಕೆ ಎಂಬುದು ವಿರೂಪಾಕ್ಷಪ್ಪನಿಗೆ ಅಂದು ಮೊದಲ ಸಲ ಆಯಿತು.

ಕಳಕಮ್ಮ ಒಳಗೆ ಹೋಗಿ ಅಡುಗೆಮನೆಯ ಮೂಲೆಯಿಂದ ಗಡಿಗೆಗಳನ್ನು ಒಂದೊಂದಾಗಿ ತಂದಿಟ್ಟಳು. ಗಂಡನ ಮಾತು ನಂಬದೆ ಅವಳು ಮನೆಯ ಬೀಜವನ್ನು ಬೂದಿ ಬೆರೆಸಿ ಇಟ್ಟಿದ್ದಳು. ಸಗಣಿಯ ಮುಚ್ಚಳ ಒಡೆದು ಮೊದಲು ಹುಲಿಗವ್ವನ ಉಡಿಗೆ ಸುರಿದಳು, ಆಮೇಲೆ ಉಳಿದವರಿಗೆ. ಕಡೆಯ ಗಡಿಗೆಗೆ ಕೈ ಹಾಕಿದಾಗ ವಿರೂಪಾಕ್ಷಪ್ಪನ ಜೀವ ಬಾಯಿಗೆ ಬಂತು.

“ಏ, ಅಷ್ಟೂ ಕೊಟ್ರ ನಮ್ಮ ಹೊಲಕ್ಕ?”

“ಅದನ್ನ ದಿವಾನಗ ಕೇಳ್ರಿ” ಎಂದು ಅವಳು ಗಡಿಗೆ ಬೋರಲು ಹಾಕಿದಳು.

ಸುತ್ತಲಿನ ಊರುಗಳಲ್ಲಿ ಅವನು ಬೀಜಕ್ಕೆ ಅಲೆದ. ಆ ವರ್ಷ ಬೀಜ ಯಾರ ಬಳಿಯೂ ಮಿಗುವಂತಿರಲಿಲ್ಲ. ಎಲ್ಲರ ಹೊಲದಲ್ಲಿ ಜೋಳ ಮೊಳಕಾಲುದ್ದ ಎದ್ದಾಗ ಅವನ ಎರೆಹೊಲ ಕರ್ರಗೆ ಬಿದ್ದಿತ್ತು. ಒಂದು ಸಂಜೆ ಅವನು ಬದುವಿನ ಮೇಲೆ ನಿಂತು ಅದನ್ನೇ ನೋಡುತ್ತಿದ್ದ. ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಆ ದಾರಿಯಲ್ಲೇ ಬಂದ ಹುಲಿಗವ್ವ ನಿಂತು, ತಾನೂ ಹೊಲದ ತುಂಬ ಕಣ್ಣಾಡಿಸಿದಳು.

“ಸಾವ್ಕಾರ್ರ, ಈ ವರ್ಷ ನಿಮ್ಮ ಹೊಲಕ್ಕ ಒಂದ ಇಲಿ ಬರಂಗಿಲ್ಲ ಬಿಡ್ರಿ.”