ಹಿಂದಕ್ಕೆ ಮುಖ ಮಾಡಿದ ಕುರ್ಚಿ

ಕುರ್ಚಿಯನ್ನು ಒಳಗಿನಿಂದ ಎಳೆದು ತಂದು ಚಟ್ಟದ ಪಕ್ಕ ಇಟ್ಟ ತಮ್ಮ, ಎರಡೂ ಕೈ ಅಗಲಿಸಿ ಗುಂಡಿ ತೋಡುವವನಿಗೆ ಅಳತೆ ತೋರಿಸಿದ.

“ಕಾಲಿನ ಕಡೆ ಇಷ್ಟು ಅಗಲ ಜಾಸ್ತಿ ಬೇಕು. ಇದೂ ಅವಳ ಜೊತೆ ಹೋಗುತ್ತೆ.”

ಗುಂಡಿ ತೋಡುವವನು ತಲೆಯ ಮೇಲಿನ ಪ್ಲಾಸ್ಟಿಕ್ ಚೀಲ ಸರಿಮಾಡಿಕೊಂಡು ಕುರ್ಚಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದ. “ಕುರ್ಚಿ ಹೂಳ್ತಾರಾ ಯಾರಾದ್ರೂ? ಅಲ್ಲಿ ಕೆಳಗೆಲ್ಲ ಬರೀ ಕಲ್ಲು.”

“ಹೇಳಿದಷ್ಟು ಮಾಡು.”

“ಆಯ್ತಪ್ಪ. ತೋಡೋದು ತಾನೇ ನನ್ನ ಕೆಲಸ.” ಅವನು ಹಾರೆಯನ್ನು ಹೆಗಲಿಗೇರಿಸಿಕೊಂಡು ಮಳೆಯಲ್ಲಿ ಮೆಟ್ಟಿಲಿಳಿದು ಹೋದ.

ಅಕ್ಕ ಸತ್ತದ್ದು ಹಿಂದಿನ ದಿನ ಮಧ್ಯಾಹ್ನ, ಕೈಮೆಷಿನ್ನಿನ ಮುಂದೆ ಕೂತಲ್ಲೇ. ಎದೆ ನೋಯುತ್ತಿದೆ ಎಂದಳಂತೆ, ನೀರು ತರುವಷ್ಟರಲ್ಲಿ ಮುಗಿದಿತ್ತು. ಊರಿಗೆಲ್ಲ ಬಟ್ಟೆ ಹೊಲಿದ ಟೈಲರಮ್ಮ ಗುಡ್ಡ ಕುಸಿದೇ ಸಾಯುತ್ತಾಳೆಂದು ಎಲ್ಲರೂ ಒಳಗೊಳಗೇ ಅಂದುಕೊಂಡಿದ್ದರು. ಗುಡ್ಡ ಅವಳ ತಂಟೆಗೇ ಬರಲಿಲ್ಲ.

ಆಗಿನಿಂದ ತಮ್ಮನಿಗೆ ಏನೂ ಅನ್ನಿಸುತ್ತಿರಲಿಲ್ಲ. ಅಳು ಇರಲಿ, ಒಂದು ನಿಟ್ಟುಸಿರೂ ಬಂದಿರಲಿಲ್ಲ. ಬೆಳಗ್ಗೆ ಎದ್ದವನೇ ಎಂದಿನಂತೆ ಹಾಲಿನ ವ್ಯಾನಿನ ಕೀಲಿಗೆ ಕೈ ಹಾಕಿದ್ದ. ಹೆಂಡತಿ ಕೀಲಿ ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

ಈಗ ಅವಳೇ ಬಾಗಿಲಿಗೆ ಬಂದು ನಿಂತಳು. “ರೀ, ಅದನ್ನ ಮಣ್ಣಿಗೆ ಹಾಕಬೇಡಿ. ನಾಳೆ ಯಾರಿಗಾದ್ರೂ ಬೇಕಾಗುತ್ತೆ.”

“ಬೇಕಾದೋರು ಇನ್ನೊಂದು ಮಾಡಿಸ್ಕೊಳ್ಳಲಿ.”

“ಕುರ್ಚಿ ಮಾಡಿಸ್ಬಹುದು. ಹೊರೋರನ್ನ ಯಾರ ಹತ್ರ ಮಾಡಿಸೋದು?”

“ನನ್ನ ಬೆನ್ನಿಗೆ ಸಾಕಾಗಿದೆ ಕಣೇ,” ಎಂದ ತಮ್ಮ. ಕುರ್ಚಿ ಇದ್ದರೆ ಅದರಲ್ಲಿ ಯಾರೋ ಒಬ್ಬರು ಬಂದು ಕೂರುತ್ತಾರೆ, ಆಮೇಲೆ ಅವರೂ ಒಂದು ದಿನ ಹೀಗೆ ಚಟ್ಟದ ಮೇಲೆ ಮಲಗುತ್ತಾರೆ. ಅದು ಅವನಿಗೆ ಬೇಡವಾಗಿತ್ತು.

*

ಮೊದಲೆಲ್ಲ ಮಳೆಗೆ ಒಂದು ಕಾಲ ಅಂತ ಇತ್ತು. ಆಮೇಲೆ ಅದಕ್ಕೆ ಹೊತ್ತುಗೊತ್ತು ಇಲ್ಲದಂತಾಯಿತು. ಗುಡ್ಡ ಮೊದಲ ಸಲ ಜಾರಿದ ಮರುವರ್ಷ ಸ್ಕೂಲಿನ ಮಾಡಿನ ಮೇಲೆ ಸೈರನ್ ಬಂತು. ಸ್ಕೂಲು ಇದ್ದದ್ದು ಬಂಡೆಯ ಮೇಲೆ. ಸೈರನ್ ಕೂಗಿದರೆ ಎಲ್ಲರೂ ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಅಲ್ಲಿಗೆ ಹತ್ತಬೇಕು, ನಡೆಯಲಾಗದವರನ್ನು ಎಲ್ಲರಿಗಿಂತ ಮೊದಲು ಸಾಗಿಸಬೇಕು ಎಂದು ಊರವರು ಕೂತು ಮಾತಾಡಿಕೊಂಡರು.

“ಸಾಗಿಸೋದಕ್ಕೆ ನಾನೇನು ಮೂಟೆನಾ?” ಎಂದಿದ್ದಳು ಅಕ್ಕ. ಚಿಕ್ಕಂದಿನ ಜ್ವರದಲ್ಲಿ ಅವಳ ಎರಡೂ ಕಾಲು ಹೋಗಿದ್ದವು. ಬಾಯಿ ಮಾತ್ರ ಗಟ್ಟಿಯಾಗಿತ್ತು. ಬಡಗಿ ಒಂದು ಬೆತ್ತದ ಕುರ್ಚಿಯ ಕಾಲು ಕತ್ತರಿಸಿ ಕೊಟ್ಟ. ಹಳೆಯ ವ್ಯಾನಿನ ಸೀಟ್ ಬೆಲ್ಟು ಬಿಚ್ಚಿ, ಹೊರುವ ತಮ್ಮನ ಹೆಗಲಿಗೆ, ಕೂರುವ ತನ್ನ ಸೊಂಟಕ್ಕೆ ಪಟ್ಟಿ ಹೊಲಿದುಕೊಂಡದ್ದು ಅವಳೇ. ಬೆನ್ನಿಗೆ ಬೆನ್ನು ಕೊಟ್ಟು ಕೂತರೆ ಮಾತ್ರ ಭಾರ ಸರಿಹೋಗುತ್ತಿತ್ತು. ಹಾಗಾಗಿ ತಮ್ಮ ಮೇಲಕ್ಕೆ ನೋಡುತ್ತ ಹತ್ತಿದರೆ ಅಕ್ಕ ಕೆಳಕ್ಕೆ ನೋಡುತ್ತ ಹೋಗಬೇಕು.

“ಊರಿಗೆಲ್ಲ ಮುಂದಿನ ಗೇರು, ನನಗೊಬ್ಬಳಿಗೆ ರಿವರ್ಸು,” ಎಂದು ಅವಳು ಗೊಣಗಿದಾಗ ಎಲ್ಲರೂ ನಕ್ಕಿದ್ದರು.

ನಿಜವಾಗಿ ಸೈರನ್ ಕೂಗಿದ ದಿನ ಯಾರೂ ನಗಲಿಲ್ಲ. ಅರ್ಧ ದಾರಿಯಲ್ಲಿ ಅಕ್ಕ ತಮ್ಮನ ತಲೆಗೆ ಮೊಟಕಿದಳು. “ನಿಲ್ಲೋ. ಗಿರಣಿಯವನ ಅಮ್ಮ ಕಾಣ್ತಿಲ್ಲ.”

ಗಿರಣಿಯವನು ಅಮ್ಮ ಅಣ್ಣನ ಜೊತೆ ಬರುತ್ತಿದ್ದಾಳೆ ಅಂದುಕೊಂಡಿದ್ದ, ಅಣ್ಣ ಅವಳು ಗಿರಣಿಯವನ ಜೊತೆ ಅಂದುಕೊಂಡಿದ್ದ. ಅಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಸೈರನ್ನೂ ಕೇಳದೆ, ಮಳೆಯೂ ಕೇಳದೆ ಅವಳು ಗಿರಣಿಯ ಹಿಂದಿನ ಕೋಣೆಯಲ್ಲಿ ಚೀಲ ಜೋಡಿಸುತ್ತಿದ್ದಳು. ಗಿರಣಿಯವನು ಓಡಿಹೋಗಿ ಅವಳನ್ನು ಹೊತ್ತು ತಂದ ಮೇಲೆ ಆ ಕೋಣೆ ಮಣ್ಣಿನಡಿ ಹೋಯಿತು.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಸ್ಕೂಲಿನ ಕೆಳಗಿನ ತಿರುವಿನಲ್ಲಿ ತಮ್ಮ ಏದುಸಿರು ಬಿಡುತ್ತ ನಿಂತು, “ಅಕ್ಕಾ, ಹಿಂದೆ ಯಾರು ಉಳಿದ್ರು?” ಎನ್ನುತ್ತಿದ್ದ. ಬೇರೆಯವರೆಲ್ಲ ಪ್ರಾಣ ಕೈಯಲ್ಲಿ ಹಿಡಿದು ಮುಂದೆ ನೋಡುವವರು. ಹಿಂದೆ ನೋಡುವವಳು ಅವಳೊಬ್ಬಳೇ. ಅವಳು ಮಾರ್ಗದುದ್ದಕ್ಕೂ ಕಣ್ಣಾಡಿಸಿ “ಯಾರೂ ಇಲ್ಲ, ನಡಿ” ಅನ್ನುವ ತನಕ ಒಬ್ಬರೂ ಗೇಟಿನೊಳಗೆ ಕಾಲಿಡುತ್ತಿರಲಿಲ್ಲ.

*

ಚಟ್ಟ ಎತ್ತುವ ಹೊತ್ತಿಗೆ ಅಂಚೆಯಣ್ಣನ ಹೆಂಡತಿ ಕೊಡೆ ಮಡಚಿಕೊಂಡು ಬಂದಳು. ಅಂಚೆಯಣ್ಣ ಎಂದರೆ ರಿಟೈರಾದ ಪೋಸ್ಟ್‌ಮ್ಯಾನ್. ಆ ಗುಡ್ಡವನ್ನೆಲ್ಲ ನಡೆದೇ ಸವೆಸಿದ ಮನುಷ್ಯ. ಸಕ್ಕರೆ ಕಾಯಿಲೆ ಕಳೆದ ವರ್ಷ ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತಿಂದಿತ್ತು. ಅವನ ಮನೆಯ ಮೇಲ್ಗಡೆ ಗುಡ್ಡದಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುವುದು ಊರಿಗೆಲ್ಲ ಗೊತ್ತು.

ಅವಳು ಸತ್ತವಳ ಮುಖ ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಕಣ್ಣು ಮೂಲೆಯ ಮೆಷಿನ್ ಮೇಲೆ ಹೋಯಿತು. ಸೂಜಿಯ ಕೆಳಗೆ ಒಂದು ಖಾಕಿ ಪ್ಯಾಂಟು ಹಾಗೇ ಸಿಕ್ಕಿಕೊಂಡಿತ್ತು.

“ಇವರದ್ದೇ,” ಎಂದಳು. “ಬೆಳಗ್ಗೆಯಿಂದ ಹಠ ಹಿಡಿದಿದಾರೆ. ಮಣ್ಣಿಗೆ ಬರಲೇಬೇಕಂತೆ. ಕೋಲೂರಿಕೊಂಡು ಮೆಟ್ಟಿಲಿಳಿಯೋಕೆ ಹೋಗಿ ಬಿದ್ರು. ಎಬ್ಬಿಸಿ ಕೂರಿಸಿದೆ. ಮತ್ತೆ ಹೋಗಿ ಬಿದ್ರು.”

ಅವಳು ಕುರ್ಚಿಯನ್ನು ನೋಡಿದಳು, ಥಟ್ಟನೆ ಮುಖ ತಿರುಗಿಸಿದಳು.

“ಕೇಳಬಾರದು. ಅದೂ ಇವತ್ತು ಕೇಳಲೇಬಾರದು. ಇವತ್ತೊಂದು ದಿನದ ಮಟ್ಟಿಗೆ, ನೋಡಪ್ಪ.”

ತಮ್ಮ ಮೆಷಿನ್ ಹತ್ತಿರ ಹೋಗಿ ಸೂಜಿ ಎತ್ತಿ, ದಾರ ಕತ್ತರಿಸಿ, ಪ್ಯಾಂಟನ್ನು ಮಡಚಿ ಅವಳ ಕೈಗಿಟ್ಟ. “ಮಡಚಿದ ಕಾಲು ಅರ್ಧ ಹೊಲಿಗೆ ಆಗಿದೆ, ಅತ್ತಿಗೆ. ಪಿನ್ನು ಚುಚ್ಚೀತು, ಹುಷಾರು.” ಆಮೇಲೆ ಕುರ್ಚಿಯ ಪಟ್ಟಿಗಳಿಗೆ ತೋಳು ತೂರಿಸಿದ. ಖಾಲಿ ಕುರ್ಚಿ ಬೆನ್ನಿಗೆ ಬಡಿಯುತ್ತ ಅವನ ಜೊತೆ ಅಂಚೆಯಣ್ಣನ ಮನೆಯ ಮೆಟ್ಟಿಲು ಹತ್ತಿತು.

*

ಆ ಪ್ಯಾಂಟಿನ ಅಳತೆ ತೆಗೆದ ದಿನ ತಮ್ಮ ಹಾಲಿನ ಕ್ಯಾನು ಇಳಿಸುತ್ತಿದ್ದ. ಒಳಗೆ ಅಕ್ಕ, ಅಂಚೆಯಣ್ಣ ಇಬ್ಬರೂ ಜಗಳಕ್ಕೆ ಬಿದ್ದದ್ದು ಅವನಿಗೆ ಕೇಳಿಸಿತ್ತು.

“ಸೈರನ್ ಕೂಗಿದ್ರೆ ಏನು ಮಾಡ್ತೀರಿ, ಅಂಚೆಯಣ್ಣ?”

“ಬಾಗಿಲು ಹಾಕ್ಕೊಂಡು ಮಲಗ್ತೀನಿ. ಊರೆಲ್ಲ ನಡೆದವನು ನಾನು. ಇನ್ನೊಬ್ಬರ ಬೆನ್ನೇರಿ ಹೋಗೋದಿಲ್ಲ.”

“ಅಂದ್ರೆ ನಾನು ಮಾನ ಬಿಟ್ಟವಳು ಅಂತ ಆಯ್ತು.”

“ನಾನು ಹಾಗೆಲ್ಲಿ ಅಂದೆ?”

“ಅಂದಂಗೇ. ಕಾಲು ನೀಡಿ ಇತ್ತ.” ಟೇಪು ಸರ್ರನೆ ಎಳೆದ ಸದ್ದು. “ಯಾವ ಬಾಗಿಲೊಳಗೆ ಯಾರಿದಾರೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನಿಲ್ಲದ ದಿನ ಹಿಂದೆ ನೋಡೋರು ಯಾರು ಹೇಳಿ?”

ಅಂಚೆಯಣ್ಣ ಆಗ ಮಾತು ಬದಲಿಸಿ, ಜೇಬು ದೊಡ್ಡದಿರಲಿ ಎಂದಿದ್ದ.

*

ಈಗ ಅವನು ಆ ಪ್ಯಾಂಟನ್ನೇ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ. ಹೊಲಿಗೆ ಅರ್ಧಕ್ಕೇ ನಿಂತ ಒಂದು ಕಾಲು ಪಿನ್ನಿನಲ್ಲಿ ನೇತಾಡುತ್ತಿತ್ತು.

“ಇವತ್ತೊಂದು ದಿನ,” ಎಂದ ತಮ್ಮ. “ಆಮೇಲೆ ಇದು ಅವಳ ಜೊತೆ ಗುಂಡಿಗೆ.”

“ಹೋಗಲಿ. ನನಗೇನು ಬೇಡ ಇದು. ಅವಳನ್ನ ಕಳಿಸಿ ಬರಬೇಕು, ಅಷ್ಟೇ.”

ಸೊಂಟದ ಪಟ್ಟಿ ಅಕ್ಕನ ಅಳತೆಗೇ ಸವೆದು ಮಡಿಕೆ ಬಿದ್ದಿತ್ತು. ಬಕಲನ್ನು ಆ ಮಡಿಕೆ ದಾಟಿಸಿ, ಯಾರೂ ಬಳಸದೆ ಬಣ್ಣ ಉಳಿದಿದ್ದ ಕಡೆ ಬಿಗಿಯಬೇಕಾಯಿತು. ತಮ್ಮ ಗೋಡೆ ಹಿಡಿದು ಎದ್ದ. ಇದು ಅಕ್ಕನಿಗಿಂತ ಭಾರ, ಒಂದು ಕಡೆ ವಾಲುವ ಭಾರ.

ತಮ್ಮ ಮೆಟ್ಟಿಲಿಳಿದು ಮನೆಗೆ ಬಂದ ಮೇಲೆ ಗಿರಣಿಯವನು, ಅವನ ಅಣ್ಣ, ಬಡಗಿ, ಸ್ಕೂಲಿನ ಜವಾನ ಚಟ್ಟಕ್ಕೆ ಹೆಗಲು ಕೊಟ್ಟರು. ಹಿಂದೆ ತಮ್ಮ, ಅವನ ಹಿಂದೆ ಕೊಡೆಗಳ ಸಾಲು. ತಮ್ಮ ಗಿರಣಿಯವನ ಒದ್ದೆ ಹಿಮ್ಮಡಿಯನ್ನು ನೋಡಿಕೊಂಡು, ಅದು ಎತ್ತ ಹೋದರೆ ಅತ್ತ ಕಾಲಿಡುತ್ತ ನಡೆದ. ದಾರಿ ಏರತೊಡಗಿದ್ದು ಅವನ ಗಮನಕ್ಕೆ ಬರಲೇ ಇಲ್ಲ.

“ಏ, ನಿಲ್ಲಿ,” ಎಂದ ಅಂಚೆಯಣ್ಣ. “ಜನ ಎಲ್ಲ ಕೆಳಗೇ ನಿಂತುಬಿಟ್ರು.”

“ಯಾಕಂತೆ?” ಎಂದ ಗಿರಣಿಯವನು ಮುಂದಿನಿಂದ.

“ನಮ್ಮನ್ನೇ ನೋಡ್ತಿದಾರೆ. ದಾರಿ ತಪ್ಪಿದೀರಿ ಕಣ್ರೋ. ಇದು ಸ್ಕೂಲಿನ ದಾರಿ.”

ನಾಲ್ವರೂ ನಿಂತರು. ಕವಲಿನಲ್ಲಿ ಎಡಕ್ಕೆ ಇಳಿದಿದ್ದರೆ ಸ್ಮಶಾನ. ಟೈಲರಮ್ಮನನ್ನು ಎತ್ತಿದ ಕೂಡಲೇ ಕಾಲುಗಳು ತಾವಾಗಿ ಬಲಕ್ಕೆ ತಿರುಗಿದ್ದವು.

“ಅವಳು ಇದ್ದಿದ್ರೆ ನಾಲ್ಕು ಬೈತಿದ್ಲು,” ಎಂದ ಬಡಗಿ. ಗಿರಣಿಯವನು ನಗಲು ಹೋಗಿ, ಅರ್ಧಕ್ಕೇ ನಿಲ್ಲಿಸಿ ಹೆಗಲ ಮೇಲಿನ ಚಟ್ಟ ಸರಿಮಾಡಿಕೊಂಡ. ತಮ್ಮ ಇದನ್ನೆಲ್ಲ ಪಕ್ಕದ ಮನೆಯ ವಿಷಯದಂತೆ ಕೇಳಿಸಿಕೊಂಡ.

ದಾರಿ ಕಿರಿದು. ಚಟ್ಟ ತಮ್ಮನನ್ನು ದಾಟಿ ಮುಂದೆ ಬರುವಂತಿರಲಿಲ್ಲ. ತಮ್ಮನೇ ತಿರುಗಿ ಮೊದಲು ಇಳಿದ, ಚಟ್ಟ ಅವನ ಹಿಂದೆ ಬಂತು. ಈಗ ಅಂಚೆಯಣ್ಣನ ಕಣ್ಣೆದುರಿಗೇ ಅವಳ ಮುಖ. ಸ್ವಲ್ಪ ಹೊತ್ತಿನಲ್ಲಿ ಕುರ್ಚಿ ಸಣ್ಣಗೆ ಅಲುಗತೊಡಗಿತು. ಬೆನ್ನಿನ ಮೇಲೆ ಒಬ್ಬ ಗಂಡಸು ಅಳುತ್ತಿರುವುದು ತಮ್ಮನಿಗೆ ಬೆತ್ತದ ಮೂಲಕ ಗೊತ್ತಾಯಿತು. ತನಗೂ ಬರುತ್ತದೇನೋ ಎಂದು ಕಾದ, ಬರಲಿಲ್ಲ.

ಗುಂಡಿ ಹೇಳಿದ ಅಳತೆಗೇ ತಯಾರಾಗಿತ್ತು. ಅಕ್ಕನನ್ನು ಇಳಿಸಿದ ಮೇಲೂ ಕಾಲಿನ ಕಡೆ ಕುರ್ಚಿಯಷ್ಟು ಜಾಗ ಖಾಲಿ ಉಳಿಯಿತು.

“ಕೊಡಿ ಇತ್ತ,” ಎಂದ ಗುಂಡಿ ತೋಡಿದವನು. “ಇದಕ್ಕೋಸ್ಕರ ಬೆಳಗ್ಗೆಯಿಂದ ಬಂಡೆ ಕಿತ್ತಿದೀನಿ.”

ಅಂಚೆಯಣ್ಣ ಸೊಂಟದ ಪಟ್ಟಿಗೆ ಕೈ ಹಾಕಿದ. “ಇಳಿಸಪ್ಪ. ಇಲ್ಲೇ ಎಲ್ಲಾದ್ರೂ ಕೂತಿರ್ತೀನಿ.” ಅವನ ಹೆಂಡತಿ ದೂರದಲ್ಲಿ ಕೊಡೆಯ ಕೆಳಗೆ, ಮೇಲಿನ ಗುಡ್ಡವನ್ನು ನೋಡುತ್ತ ನಿಂತಿದ್ದಳು.

ತಮ್ಮ ಹೆಗಲಿನ ಪಟ್ಟಿ ಎರಡನ್ನೂ ಹಿಡಿದುಕೊಂಡ. ಬಿಚ್ಚಲಿಲ್ಲ.

“ಅದರಲ್ಲಿ ಜನ ಕೂತಿದಾರೆ,” ಎಂದ.

“ಮತ್ತೆ ಈ ಗುಂಡಿ?”

“ಮಣ್ಣು ಹಾಕು.”

ಗುಂಡಿ ತೋಡಿದವನು ಗೊಣಗುತ್ತ, ತಾನೇ ಕಿತ್ತ ಕಲ್ಲುಗಳಿಂದ ಮೊದಲು ಆ ಜಾಗ ತುಂಬಿದ. ಆಮೇಲೆ ಎಲ್ಲರೂ ಹಿಡಿಹಿಡಿ ಮಣ್ಣು ಹಾಕಿದರು.

ವಾಪಸಾಗುವಾಗ ತಮ್ಮ ಎಲ್ಲರಿಗಿಂತ ಮುಂದಿದ್ದ. ನಡೆಯಲಾಗದವರನ್ನು ಹೊತ್ತವನಿಗೆ ಜನ ತಾವಾಗಿ ದಾರಿ ಬಿಟ್ಟಿದ್ದರು. ಕವಲಿನ ತನಕ ಏರಿ ಬರುವಷ್ಟರಲ್ಲಿ ಅವನಿಗೆ ಏದುಸಿರು ಹತ್ತಿತು. ಬೆನ್ನಿನ ಮೇಲೆ ಭಾರ, ಮುಂದೆ ಏರು, ಮಳೆ. ಬಾಯಿ ತಾನಾಗಿ ತೆರೆಯಿತು.

“ಯಾರು ಉಳಿದ್ರು?”

ಅಂಚೆಯಣ್ಣ ಕೆಳಗಿನಿಂದ ಮೇಲಕ್ಕೆ ಒಬ್ಬೊಬ್ಬರನ್ನೇ ನೋಡಿದ.

“ಗಿರಣಿಯವನು ಬಂದ,” ಎಂದ. “ಅವನ ಅಮ್ಮನ ಕೈ ಹಿಡ್ಕೊಂಡಿದಾನೆ. ಬಡಗಿ ಬಂದ. ನಿನ್ನ ಹೆಂಡತಿ, ನನ್ನ ಹೆಂಡತಿ ಒಂದೇ ಕೊಡೇಲಿ ಬರ್ತಿದಾರೆ. ಗುಂಡಿಯವನು ಹಾರೆ ತೊಳ್ಕೊಂಡು ಹೊರಟ.”

“ಮತ್ತೆ?”

“ಟೈಲರಮ್ಮ ಒಬ್ಬಳು ಉಳಿದ್ಲು.”

ತಮ್ಮ ನಿಂತ. ಅವನ ಹಿಂದೆ ಬರುತ್ತಿದ್ದ ಕೊಡೆಗಳೂ ಒಂದೊಂದಾಗಿ ನಿಂತವು. ನಿನ್ನೆಯಿಂದ ಬಾರದಿದ್ದ ನಿಟ್ಟುಸಿರೊಂದು ಹೊರಬಂತು. ‘ನಡಿ’ ಎನ್ನುವ ಮಾತಿಗಾಗಿ ಅವನು ಕಾದ. ಬೆನ್ನಿನ ಮೇಲಿದ್ದವನು ಸ್ಮಶಾನದ ಕಡೆಯೇ ನೋಡುತ್ತಿದ್ದ, ಇನ್ನೂ ಹಾಗೆ ಹೇಳಿರಲಿಲ್ಲ.