ಲುವಾನ್ ಅಕ್ಕನ ಮೂಲೆ

ನಮ್ಮ ಕೈಫೆಂಗ್‌ನ ಕೆರೆ ಪಾರ್ಕಿನಲ್ಲಿ ಬೆಳಗ್ಗೆ ಮಂಡಿ ಬಗ್ಗಿಸಿ ನಿಧಾನಕ್ಕೆ ತೈ ಚಿ ವ್ಯಾಯಾಮ ಮಾಡುವ ಗುಂಪಿಗೆ ಒಂದು ಕಟ್ಟುಪಾಡಿದೆ. ಪಳಗಿದವರು ನಾಲ್ಕು ಮೂಲೆಗೆ, ಕಲಿಯುವವರು ನಡುವೆ. ಮಾಡುತ್ತಾ ಮಾಡುತ್ತಾ ಎಲ್ಲರೂ ಒಟ್ಟಿಗೆ ತಿರುಗುತ್ತೇವಲ್ಲ, ಆಗ ಹಿಂದಿದ್ದವರು ಮುಂದಾಗಿಬಿಡುತ್ತಾರೆ. ಎತ್ತ ತಿರುಗಿದರೂ ಹೊಸಬರಿಗೆ ನೋಡಿಕೊಂಡು ಮಾಡಲು ಎದುರಿಗೆ ಒಂದು ಬೆನ್ನಿರಬೇಕು, ಅದಕ್ಕೆ.

ನಾನು ಸೇರಿದ ದಿನ ಗೊಂಗ್ ಮೇಷ್ಟ್ರು ನನ್ನನ್ನು ನಡುವೆ ನಿಲ್ಲಿಸಿದರು. ನನಗೆ ಮೈಯೆಲ್ಲ ಉರಿಯಿತು. ನೂಲಿನ ಗಿರಣಿಯಲ್ಲಿದ್ದಾಗ ಪಕ್ಕದವಳಿಗಿಂತ ಒಂದು ಕೈ ಹೆಚ್ಚೇ ಮಾಡಿದವಳು ನಾನು. ಆದರೆ ಆಗ ನನ್ನ ಮಂಡಿಗಳು ಊದಿಕೊಂಡಿದ್ದವು. ಮನೆಯ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಅಡ್ಡಡ್ಡ ಇಳಿಯಬೇಕಿತ್ತು. ಸಂಧಿವಾತ, ಮಂಡಿ ಆಡುತ್ತಿರಲಿ, ಆದರೆ ಮೆತ್ತಗೆ ಅಂದಿದ್ದರು ಡಾಕ್ಟರು. ಮೆತ್ತಗೆ ಅನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ.

ನನ್ನ ಹಿಂದಿನ ಮೂಲೆ ಲುವಾನ್ ಅಕ್ಕನದು. ಮುಂದಿನ ಮೂಲೆಯವರು ಎತ್ತರದ ಗಂಡಸರ ಮರೆಯಲ್ಲಿ ನನಗೆ ಕಾಣುತ್ತಲೇ ಇರಲಿಲ್ಲ. ತಿರುಗಿದ ಮೇಲೆ ಕಾಣುವ ಅಕ್ಕನ ನೇರಳೆ ಹತ್ತಿ ಅಂಗಿಯೇ ನನಗೆ ದಿಕ್ಕು. ಅವಳ ಕೈಗಳು ಚೆನ್ನಾಗಿ ತೇಲುತ್ತಿದ್ದವು, ಆದರೆ ಮಂಡಿ? ಬಗ್ಗಿಯೂ ಬಗ್ಗದಂತೆ ನಿಂತಿರುತ್ತಿದ್ದಳು. ನನಗೆ ಬಾಯಿ ಸುಮ್ಮನಿರುತ್ತದೆಯೇ?

"ಅಲ್ಲಕ್ಕಾ, ನೀನು ತೈ ಚಿ ಮಾಡ್ತಿದೀಯೋ, ಬಸ್ಸಿಗೆ ಕಾಯ್ತಿದೀಯೋ? ನನ್ನ ಮುರುಕು ಮಂಡಿನೇ ನಿನಗಿಂತ ಬಗ್ಗುತ್ತೆ."

"ಬಗ್ಗುತ್ತೆ ಅಂತ ಬಗ್ಗಿಸ್ಬೇಡ್ವೇ ತಾಯಿ. ನಾಳೆಗೂ ಮಂಡಿ ಬೇಕಲ್ಲ," ಅಂದು ನಕ್ಕು, ಕೊಂಬೆಗೆ ನೇತುಹಾಕಿದ್ದ ಚಹಾದ ಫ್ಲಾಸ್ಕ್ ತೆಗೆದು ನನಗೇ ಮೊದಲು ಕೊಡುತ್ತಿದ್ದಳು.

ಚಳಿಗಾಲ ಕಳೆದು ಕೆರೆಯ ದಂಡೆಯ ವಿಲೋ ಮರಗಳು ಚಿಗುರುವಷ್ಟರಲ್ಲಿ ನಾನು ಮೆಟ್ಟಿಲನ್ನು ನೆಟ್ಟಗೆ ಇಳಿಯತೊಡಗಿದೆ. ನೋವು ಪೂರ್ತಿ ಹೋಗಲಿಲ್ಲ, ಆದರೆ ಮಂಡಿ ಹೇಳಿದ ಮಾತು ಕೇಳುವ ಹಾಗಾಯಿತು.

ಕೇಳದಿದ್ದವರು ನನ್ನ ಯಜಮಾನರು. ಊರ ಬಸ್ಸು ಓಡಿಸಿ, ಕ್ಲಚ್ ತುಳಿದೂ ತುಳಿದೂ ಎಡಮಂಡಿ ಹಾಳುಮಾಡಿಕೊಂಡು ಕಿಟಕಿಯ ಪಕ್ಕದ ಕುರ್ಚಿ ಹಿಡಿದಿದ್ದರು. ಕೆಳಗಿನಿಂದ ಚದುರಂಗದ ಗೆಳೆಯರು ಕೂಗಿ ಕರೆದರೂ ಇಳಿಯುತ್ತಿರಲಿಲ್ಲ, ಆಮೇಲೆ ಅವರೂ ಕರೆಯುವುದನ್ನು ಬಿಟ್ಟರು. ಈ ಮನುಷ್ಯ ಹೀಗೇ ಕುರ್ಚಿಯಲ್ಲೇ ಮುಗಿದುಹೋಗುತ್ತಾರೆ ಅಂತ ನನಗೆ ಹೆದರಿಕೆ. ಬೇಡಿದೆ, ಬೈದೆ, ಊಟ ಬಡಿಸದೆ ಕೂತೆ. ಕೊನೆಗೆ ಒಪ್ಪಿದರು.

"ಒಂದೇ ದಿನ ಕಣೇ. ಅಲ್ಲಿ ನಾನೊಬ್ಬನೇ ಎಡವಟ್ಟು ಮಾಡಿ ನಾಲ್ಕು ಜನ ನಕ್ಕರೋ, ಮತ್ತೆ ಈ ಜನ್ಮದಲ್ಲಿ ಕರೀಬೇಡ."

ಅವರು ಸುಳ್ಳಿಗೆ ಹೇಳುವವರಲ್ಲ. ತೋಳು ಹಿಡಿದುಕೊಂಡು ಪಾರ್ಕಿಗೆ ಬಂದರೆ ಅವತ್ತೇ ಲುವಾನ್ ಅಕ್ಕ ಇಲ್ಲ, ಕಾಲು ಉಳುಕಿಸಿಕೊಂಡು ಮನೆಯಲ್ಲಿದ್ದಾಳೆ. ಮೇಷ್ಟ್ರು ಯಜಮಾನರನ್ನು ನನ್ನ ಜಾಗದಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದರು.

"ಸೂ, ನೀನು ಅಕ್ಕನ ಮೂಲೆಗೆ ಹೋಗು."

"ಮೇಷ್ಟ್ರೇ, ಎದುರಿಗೆ ಯಾರೂ ಇಲ್ದೆ ನನಗೆ ಬರಲ್ಲ!"

"ಗೊತ್ತು. ಹೋಗು."

ತಿರುಗುವವರೆಗೆ ಹೇಗೋ ಸಾಗಿತು. ತಿರುಗಿದ್ದೇ ತಡ, ನನ್ನ ಎದುರಿಗೆ ನೇರಳೆ ಅಂಗಿ ಇಲ್ಲ, ಬರೀ ಕೆರೆ. ತಲೆ ಖಾಲಿ. ಮುಂದಿನದು ಏನು? ಹಿಂದೆ ಯಜಮಾನರ ಎಡಬೂಟು ಕಲ್ಲಿನ ಮೇಲೆ ಸರಸರ ಎಳೆಯುವುದು ಕೇಳುತ್ತಿತ್ತು. ನನ್ನ ಕೈಗಳು ತಾವಾಗಿಯೇ ಎದ್ದು, ಆಗಲೇ ಮುಗಿದುಹೋಗಿದ್ದ 'ಮೋಡದ ಕೈ' ಅನ್ನುವ ವರಸೆಯನ್ನೇ ಮತ್ತೆ ಮಾಡತೊಡಗಿದವು. ತಪ್ಪು ಅಂತ ಗೊತ್ತಾಯಿತು, ಆದರೆ ನಿಲ್ಲಿಸಲು ಧೈರ್ಯವಾಗಲಿಲ್ಲ.

ಹಿಂದೆ ಅಷ್ಟೂ ತೋಳುಗಳು ಸರಿದ ಸದ್ದಾಯಿತು. ಈಗ ಎಲ್ಲರಿಗಿಂತ ಹಿಂದಾಗಿದ್ದ ಗೊಂಗ್ ಮೇಷ್ಟ್ರು ಮೆಲ್ಲಗೆ ಅಂದರು, "ಮೋಡದ ಕೈ. ಆತುರ ಬೇಡ." ಇಡೀ ಗುಂಪು ನನ್ನ ತಪ್ಪನ್ನು ತನ್ನದು ಮಾಡಿಕೊಂಡಿತು. ಯಾರೂ ನಗಲಿಲ್ಲ, ನನ್ನನ್ನೇ ನೋಡಿ ಮಾಡುತ್ತಿದ್ದ ಯಜಮಾನರೊಬ್ಬರೇ ಎಡವಟ್ಟಾಗಲಿಲ್ಲ. ಆ ಒಬ್ಬೊಬ್ಬರ ಕಾಲಿಗೂ ಬೀಳಬೇಕು ಅನ್ನಿಸಿತು.

ಆ ಹೊತ್ತಿಗೆ ನನ್ನ ಮಂಡಿ ಚೆನ್ನಾಗಿ ಬಗ್ಗುತ್ತಿತ್ತು. ಮುಂದೆ ನಿಂತವಳು ಬಗ್ಗಿ ತೋರಿಸಬೇಕು ಅನ್ನುವ ಚಪಲವೂ ಬಂತು. ಆದರೆ ಬೂಟಿನ ಸದ್ದು ಕೇಳುತ್ತಿತ್ತಲ್ಲ. ಈ ಮನುಷ್ಯನೂ ನನ್ನದೇ ಜಾತಿಯ ಹಠಮಾರಿ. ನಾನೊಂದು ಗೇಣು ಇಳಿದರೆ ಇವರು ಎರಡು ಗೇಣು ಇಳಿದು, ನಾಳೆ ಮತ್ತೆ ಕುರ್ಚಿಗೆ ಬೀಳುತ್ತಾರೆ. ಅದಕ್ಕೇ ನಾನು ಇಳಿಯಲಿಲ್ಲ. ಬಸ್ಸಿಗೆ ಕಾಯುವವಳ ಹಾಗೆ ನಿಂತೆ.

ನಿಂತ ಮೇಲೆ ಅಕ್ಕನ ನೇರಳೆ ಅಂಗಿ ಕಣ್ಣ ಮುಂದೆ ಬಂತು.

ಮುಗಿದ ಮೇಲೆ ಯಜಮಾನರು ಬೆವರು ಒರೆಸಿಕೊಳ್ಳುತ್ತಾ, ಕೊಂಬೆಯಿಂದ ಕೋಟು ತೆಗೆದುಕೊಂಡರು. "ಇಷ್ಟೇನಾ ನಿಮ್ಮ ತೈ ಚಿ? ನಾಳೆ ಎಷ್ಟು ಹೊತ್ತಿಗೆ ಹೊರಡೋದು?"

ಅವರನ್ನು ಮನೆ ಸೇರಿಸಿ, ಬಿಸಿಬಿಸಿ ಮೆಣಸಿನ ಸೂಪು ಕಟ್ಟಿಸಿಕೊಂಡು ಲುವಾನ್ ಅಕ್ಕನ ಮನೆಗೆ ಹೋದೆ. ಅವಳು ಕಾಲಿಗೆ ಪಟ್ಟಿ ಸುತ್ತಿಕೊಂಡು, ದಿಂಬಿನ ಮೇಲೆ ಚಾಚಿ ಕೂತಿದ್ದಳು.

"ಅಕ್ಕಾ, ನಿಜ ಹೇಳು. ನೀನು ಎಷ್ಟು ಕೆಳಗೆ ಇಳೀತೀಯ?"

ಅವಳು ಸೂಪು ಕಲಕುತ್ತಾ ನನ್ನ ಮುಖ ನೋಡಿದಳು. "ನೆಲ ಸವರೋವಷ್ಟು. ಸಂಜೆ ಇಲ್ಲೇ ಜಗಲೀಲಿ ಮಾಡ್ಕೋತೀನಿ, ನಿನ್ನ ಕಣ್ಣಿಗೆ ಬೀಳದ ಹಾಗೆ."

"ಅಷ್ಟೂ ದಿನ ನನಗೋಸ್ಕರ..."

"ಮತ್ತಿನ್ನೇನೇ! ನಾನು ಇಳಿದಿದ್ರೆ ನೀನು ಬಿಡ್ತಿದ್ದೆಯಾ? ಅವತ್ತೇ ಮಂಡಿ ಮುರ್ಕೊಂಡು ಮನೇಲಿ ಬಿದ್ದಿರ್ತಿದ್ದೆ."

ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. "ನಿನ್ನ ಋಣ ನಾನು ಹೇಗೆ ತೀರಿಸ್ಲಿ ಅಕ್ಕಾ," ಅಂದೆ.

"ಅಳೋದು ಸಾಕು, ಸೂಪು ಆರುತ್ತೆ. ನಿನ್ನ ಗಂಡ ಏನಂದ, ಅದನ್ನ ಹೇಳು."

"ನಾಳೆನೂ ಬರ್ತಾರಂತೆ," ಅಂದೆ ಮೂಗೊರೆಸಿಕೊಂಡು. "ದಾರೀಲಿ ಏನಂದ್ರು ಗೊತ್ತಾ? ನನ್ನ ಮುರುಕು ಮಂಡಿನೇ ನಿನಗಿಂತ ಬಗ್ಗುತ್ತಲ್ಲೇ, ಅಂತ."

ಲುವಾನ್ ಅಕ್ಕ ಪಟ್ಟಿ ಸುತ್ತಿದ ಕಾಲು ಅಲುಗಿ ನೋಯುವಷ್ಟು ನಕ್ಕಳು. "ಹಾಗಾದ್ರೆ ನಾನಿನ್ನು ಬೇರೆ ಕಡೆ ನಿಲ್ತೀನಿ. ಆ ಮೂಲೆ ನಿಂದು," ಅಂದಳು.