ನನ್ನ ಹೆಸರಿನಲ್ಲಿ ತಂಗಿಯ ಹೊಟ್ಟೆನೋವು

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಮೊದಲೇ ಕ್ಷಮೆ ಕೇಳುತ್ತೇನೆ. ಸಂಜೆ ಶಾಲೆಯಲ್ಲಿ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಸೋಪಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳು. ಕಾರ್ಖಾನೆಯ ಕಾರ್ಡ್ ತೋರಿಸಿದರೆ ಆಸ್ಪತ್ರೆಯಲ್ಲಿ ನನಗೆ ಎಲ್ಲವೂ ಪುಕ್ಕಟೆ. ತಂಗಿ ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ, ಅವಳಿಗೆ ಕಾರ್ಡಿಲ್ಲ. ಎರಡು ದಿನದಿಂದ ಹೊಟ್ಟೆ ಹಿಡಿದುಕೊಂಡು ಬರೀ ಬಿಸಿನೀರು ಕುಡಿಯುತ್ತಿದ್ದಳು.

"ನಿನ್ನ ಕಾರ್ಡ್ ಕೊಡಕ್ಕಾ. ಹೇಗೂ ನಮ್ಮಿಬ್ಬರದೂ ಅಪ್ಪನ ಮೂಗೇ."

"ಅದರಲ್ಲಿ ಫೋಟೋ ಇದೆಯಲ್ಲೇ!"

"ಆ ಫೋಟೋದಲ್ಲಿ ನೀನೇ ನಿನ್ನ ಥರ ಇಲ್ಲ ಬಿಡು."

ಆಸ್ಪತ್ರೆಯಲ್ಲಿ ನರ್ಸ್ ನನ್ನ ಹೆಸರು ಕೂಗಿದಾಗ ಅಭ್ಯಾಸಬಲದಿಂದ ನಾನೂ ಎದ್ದು ನಿಂತೆ.

"ಇಬ್ಬರಲ್ಲಿ ಪೇಷೆಂಟ್ ಯಾರಮ್ಮಾ?"

"ಇವಳು. ನಾನು ಸುಮ್ಮನೆ ಜೊತೆಗೆ ಬಂದೆ."

ಡಾಕ್ಟರು ಬಟ್ಟೆಯ ಮೇಲಿನಿಂದಲೇ ಕೆಳಹೊಟ್ಟೆಯ ಬಲಗಡೆ ಒತ್ತಿದರು. ತಂಗಿ ಚೀರಿದಳು. ಅವರ ಹುಬ್ಬು ಗಂಟಿಕ್ಕಿತು. ಆಮೇಲೆ ಕಂಪ್ಯೂಟರ್ ನೋಡಿ ಹಗುರಾದರು.

"ಅಪೆಂಡಿಕ್ಸ್ ಇರಬಹುದು ಅಂದ್ಕೊಂಡೆ. ನಿಮಗೆ ಅದನ್ನ ಎರಡು ವರ್ಷದ ಹಿಂದೆ ಇಲ್ಲೇ ತೆಗೆದಿದ್ದಾರಲ್ಲ. ಇದು ಗ್ಯಾಸು. ಮಾತ್ರೆ ಬರೀತೀನಿ."

ತೆಗೆದದ್ದು ನನ್ನದು.

ಬಾಯಿಬಿಟ್ಟರೆ ಕಾರ್ಡ್ ಹೋಗುತ್ತದೆ, ಕೆಲಸವೂ ಹೋದೀತು. ಡಾಕ್ಟರಿಗಿಂತ ನನಗೇನು ಗೊತ್ತು ಎಂದೂ ಅನ್ನಿಸಿತು. ಔಷಧಿಯ ಸಾಲಿನಲ್ಲಿ ನಿಂತು, ಮಾತ್ರೆ ತಂದು, ಕೈಯಾರೆ ನುಂಗಿಸಿದೆ.

ಗೇಟಿನ ಹತ್ತಿರ ತಂಗಿ ಕಂಬ ಹಿಡಿದು ನಿಂತುಬಿಟ್ಟಳು. ಮುಖ ಸುಣ್ಣದಂತಾಗಿತ್ತು.

"ಗ್ಯಾಸು ಅಂದ್ರಲ್ಲಕ್ಕಾ, ನಡಿ. ಒಂಚೂರು ಮೆಲ್ಲಗೆ ನಡಿ."

ಅವಳನ್ನು ಅಲ್ಲೇ ಕೂರಿಸಿ, ಸಾಲಿನವರು ಬೈಯುತ್ತಿದ್ದರೂ ಒಳಗೆ ನುಗ್ಗಿದೆ.

"ಡಾಕ್ಟರೇ, ಆ ಹೆಸರು ನಂದು. ಆಪರೇಷನ್ ಆಗಿರೋದು ನನಗೆ. ಅವಳಿಗೆ ಅದು ಇನ್ನೂ ಇದೆ."

"ಆಗಲೇ ಹೇಳೋಕೆ ಏನಾಗಿತ್ರಮ್ಮಾ ನಿಮಗೆ?" ಎಂದವರೇ ಸ್ಟ್ರೆಚರ್ ತರಿಸಿದರು.

ನರ್ಸ್ ನನ್ನ ಕಾರ್ಡ್ ಕಿತ್ತುಕೊಂಡು, ತಂಗಿಯ ನಿಜವಾದ ಹೆಸರು ಕೇಳಿದಳು. ಒಂದು ಗಳಿಗೆ ಅದು ನನ್ನ ಬಾಯಿಗೇ ಬರಲಿಲ್ಲ.

ತಂಗಿ ಬದುಕಿದಳು. ಅಪೆಂಡಿಕ್ಸ್ ಒಳಗೇ ಒಡೆದಿತ್ತಂತೆ, ಹದಿನೆಂಟು ದಿನ ಮಲಗಿದ್ದಳು. ಕಾರ್ಖಾನೆಯ ಆಫೀಸಿನಿಂದ ನನಗೆ ಇನ್ನೂ ಕರೆ ಬಂದಿಲ್ಲ. ಇವತ್ತು ಬರಬಹುದು ಎಂದು ದಿನಾ ಕಾಯುತ್ತೇನೆ. ಆದರೆ ನಿದ್ದೆ ಕೆಡಿಸುವುದು ಅದಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದ ಆ ಅರ್ಧ ಗಂಟೆಯಲ್ಲೇ ಅದು ಒಡೆಯಿತೋ, ಮೊದಲೇ ಒಡೆದಿತ್ತೋ? ಡಾಕ್ಟರನ್ನು ಕೇಳಲಿಲ್ಲ. ನನಗೆ ಗೊತ್ತಿಲ್ಲ.